ಓದಿದ ಊರು ಮತ್ತು ವಾಲ್ ಸ್ಟ್ರೀಟಿನ ಬಾಗಿಲು



ಈ ಸಲದ ಯುಗಾದಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಹೆಸರು ಬರೆಯುವುದಿಲ್ಲ, ಬರೆದರೆ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗಿಬಿಡುತ್ತದೆ. ಮಗಳು ನಮ್ಮ ಧಾರವಾಡ ಭಾಗದ ಲಾ ಕಾಲೇಜೊಂದರಲ್ಲಿ ಐದು ವರ್ಷದ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಳು. ಮೊದಲಿನಿಂದಲೂ ಜಾಣೆ. ಕಾಲೇಜಿಗೆ ಮೊದಲ ಮೂವರಲ್ಲಿ ಒಬ್ಬಳು. ಮುಂಬಯಿಯ ದೊಡ್ಡ ಲಾ ಫರ್ಮೊಂದರಲ್ಲಿ ಕೆಲಸ ಮಾಡಬೇಕೆಂಬುದು ಅವಳ ಆಸೆ. ಮುಂಬಯಿ, ಬೆಂಗಳೂರು ಸೇರಿ ಮೂವತ್ತೊಂದು ಸಂಸ್ಥೆಗಳಿಗೆ ಅರ್ಜಿ ಕಳುಹಿಸಿದ್ದಳು. ಉತ್ತರ ಬಂದದ್ದು ನಾಲ್ಕರಿಂದ, ನಾಲ್ಕೂ ನಕಾರ. ಐದನೆಯದೊಂದು ಸಂಸ್ಥೆಯವರು ದೂರವಾಣಿಯಲ್ಲಿ ಮಾತನಾಡಿದ್ದರಂತೆ.

"ಅಜ್ಜಾರ, ಕಾಲೇಜಿನ ಹೆಸರ ಹೇಳಿದ ಕೂಡ್ಲೆ ಅವರ ದನಿನೇ ಬದಲಾತ್ರಿ. ಆಮ್ಯಾಲ ತಿಳಸ್ತೀವಿ ಅಂತ ಇಟ್ಟಬಿಟ್ರು. ನಾ ಓದಿದ ಊರೇ ನನ್ನ ತಪ್ಪೇನ್ರಿ?" ಎಂದು ಆ ಹುಡುಗಿ ಕೇಳಿದಳು.

ಅವಳ ತಂದೆ ಏನೂ ಅನ್ನಲಿಲ್ಲ. ಅನ್ನದಿದ್ದುದೇ ನನಗೆ ತಾಗಿತು. ಏಕೆಂದರೆ ಐದು ವರ್ಷಗಳ ಹಿಂದೆ ಇದೇ ಜಗಲಿಯ ಮೇಲೆ ಇದೇ ಇಬ್ಬರು ಕುಳಿತಿದ್ದರು. ಹೊರರಾಜ್ಯದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದರಲ್ಲಿ ಅವಳಿಗೆ ಸ್ಥಾನ ದೊರೆಯುವಂತಿತ್ತು. ಶುಲ್ಕ ಭಾರವಾಗಿತ್ತು, ಊರು ದೂರವಾಗಿತ್ತು. ಏನು ಮಾಡಲೆಂದು ಅವನು ನನ್ನನ್ನು ಕೇಳಿದ. ನಾನು, "ಪುಸ್ತಕ ಎಲ್ಲಿ ಓದಿದರೂ ಅದೇ ಪುಸ್ತಕ. ಸಂವಿಧಾನ ಧಾರವಾಡದಲ್ಲಿ ಒಂದು, ದಿಲ್ಲಿಯಲ್ಲಿ ಇನ್ನೊಂದು ಇದೆಯೇನು?" ಎಂದಿದ್ದೆ. ಗುರುಗಳ ಮಾತೆಂದು ಅವನು ಶಿರಸಾವಹಿಸಿದ. ನಿಮ್ಮಲ್ಲಿ ಅನೇಕರಿಗೂ ಈ ಮಾತನ್ನು ನಾನು ಬೇರೆ ಬೇರೆ ಸಂದರ್ಭಗಳಲ್ಲಿ ಹೇಳಿದ್ದೇನೆ. ಅದನ್ನು ಕೇಳಿ ಊರಲ್ಲಿಯೇ ಉಳಿದವರೂ ಇದ್ದೀರಿ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಉತ್ತರ ತಿಳಿಯದಾಗ, ಇಂಥದೇ ಪ್ರಶ್ನೆ ಹಿಂದೆ ಯಾರಿಗಾದರೂ ಎದುರಾಗಿತ್ತೇ ಎಂದು ಹುಡುಕುವುದು ಇತಿಹಾಸದ ಮಾಸ್ತರನಿಗೆ ಉಳಿದಿರುವ ಒಂದೇ ದಾರಿ. ದೊಡ್ಡ ಲಾ ಫರ್ಮು ಎಂಬ ವ್ಯವಸ್ಥೆ ಈಗಿನ ರೂಪ ಪಡೆದದ್ದು ಅಮೆರಿಕದಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸಿದೆ. ಕೆಲವು ತಿಂಗಳು ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಅಮೆರಿಕದಲ್ಲಿ ವಕೀಲನಾಗುವ ಬಗೆ ನಮ್ಮ ಹಿರಿಯರ ಕಾಲದಂತೆಯೇ ಇತ್ತು. ಹಿರಿಯ ವಕೀಲರೊಬ್ಬರ ಕಚೇರಿ ಸೇರಿ, ಕಾಗದಪತ್ರಗಳ ನಕಲು ಬರೆಯುತ್ತ, ಅವರ ಕಪಾಟಿನ ಪುಸ್ತಕಗಳನ್ನು ಓದುತ್ತ ಕಲಿಯಬೇಕು. ಅಬ್ರಹಾಂ ಲಿಂಕನ್ ಯಾವ ಕಾಲೇಜಿಗೂ ಹೋಗದೆ ತಾವೇ ಓದಿಕೊಂಡು 1836ರಲ್ಲಿ ವಕೀಲಿಯ ಪರವಾನಗಿ ಪಡೆದರು. 1870ರಲ್ಲಿ ಕ್ರಿಸ್ಟಫರ್ ಲ್ಯಾಂಗ್‌ಡೆಲ್ ಹಾರ್ವರ್ಡಿನ ಲಾ ಶಾಲೆಯ ಮುಖ್ಯಸ್ಥರಾದ ಮೇಲೆ, ಹಳೆಯ ತೀರ್ಪುಗಳನ್ನು ತರಗತಿಯಲ್ಲಿ ಬಿಡಿಸಿ ಚರ್ಚಿಸುವ ಹೊಸ ಬೋಧನಾಕ್ರಮ ಬಂದಿತು. ಕಾಲೇಜಿನಲ್ಲಿ ಕಾನೂನು ಓದುವುದಕ್ಕೆ ಬೆಲೆ ಬಂದಿತು. ಅದೇ ಹೊತ್ತಿಗೆ ರೈಲ್ವೆ, ಉಕ್ಕು, ಎಣ್ಣೆಯ ದೊಡ್ಡ ಕಂಪನಿಗಳು ತಲೆಯೆತ್ತಿ, ಅವುಗಳ ಕರಾರುಪತ್ರ, ಸಾಲಪತ್ರಗಳನ್ನು ಬರೆಯಲು ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ವಕೀಲರ ದೊಡ್ಡ ಕಚೇರಿಗಳು ಬೆಳೆದವು. ಕಿರಿಯರಿಗೆ ಅನೇಕ ಕಡೆ ಸಂಬಳವೇ ಇರಲಿಲ್ಲ. ಕೆಲಸ ಕಲಿಸುವುದೇ ದೊಡ್ಡ ಉಪಕಾರ. ಸೇರುವುದಕ್ಕೆ ಬೇಕಾದದ್ದು ಪರಿಚಯ. ಯಾರ ಮಗ, ಯಾರ ಅಳಿಯ ಎಂಬುದೇ ಅರ್ಹತೆ.

ಇದನ್ನು ಬದಲಿಸಿದವರು ಪಾಲ್ ಕ್ರವಾತ್. 1861ರಲ್ಲಿ ಓಹಾಯೊ ರಾಜ್ಯದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದವರು. ಅಲ್ಲಿಯ ಓಬರ್ಲಿನ್ ಕಾಲೇಜಿನಲ್ಲಿ ಓದಿ, ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1886ರಲ್ಲಿ ಕಾನೂನು ಪದವಿ ಪಡೆದರು. 1899ರಲ್ಲಿ ಇವರು ಸೇರಿದ ಸಂಸ್ಥೆ ಇಂದಿಗೂ ಇವರ ಹೆಸರಿನಲ್ಲಿದೆ. ಇವರು ತಂದ ನಿಯಮಗಳು ಸರಳ. ಪರಿಚಯದವರನ್ನಲ್ಲ, ಕಾನೂನು ಶಾಲೆಯಿಂದ ಆಗಷ್ಟೇ ಹೊರಬಂದ ಅತ್ಯುತ್ತಮ ವಿದ್ಯಾರ್ಥಿಗಳನ್ನು ಆರಿಸಬೇಕು. ಮೊದಲ ದಿನದಿಂದಲೇ ಸಂಬಳ ಕೊಡಬೇಕು. ಕೆಲವು ವರ್ಷ ತರಬೇತಿ ಕೊಟ್ಟು, ತಕ್ಕವರನ್ನು ಪಾಲುದಾರರನ್ನಾಗಿ ಮಾಡಬೇಕು, ಉಳಿದವರನ್ನು ಬೇರೆ ಕಡೆ ಕಳುಹಿಸಬೇಕು. ಇತರ ದೊಡ್ಡ ಸಂಸ್ಥೆಗಳೂ ಕ್ರಮೇಣ ಇದನ್ನೇ ಅನುಸರಿಸಿದವು. ಇಂದಿಗೂ ಅದಕ್ಕೆ ಕ್ರವಾತ್ ಪದ್ಧತಿ ಎಂದೇ ಹೆಸರು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಇದು ತನ್ನ ಕಾಲಕ್ಕೆ ನ್ಯಾಯದ ಕಡೆಗೆ ಇಟ್ಟ ಹೆಜ್ಜೆಯೇ ಸರಿ. ಮಾವನ ಶಿಫಾರಸಿಗಿಂತ ಪರೀಕ್ಷೆಯ ಅಂಕ ಮೇಲಲ್ಲವೇ? ಆದರೆ ಅತ್ಯುತ್ತಮ ವಿದ್ಯಾರ್ಥಿ ಯಾರು ಎಂದು ತಿಳಿಯುವುದು ಹೇಗೆ? ದೇಶದ ಎಲ್ಲ ಕಾಲೇಜುಗಳನ್ನೂ ಸುತ್ತಿ ಪರೀಕ್ಷಿಸಲು ಯಾರಿಗೆ ಪುರುಸೊತ್ತು? ಹಾರ್ವರ್ಡ್, ಯೇಲ್, ಕೊಲಂಬಿಯಾ ಹತ್ತಿರದಲ್ಲಿದ್ದವು. ಅಲ್ಲಿಯ ಅಧ್ಯಾಪಕರು ಪರಿಚಿತರು. ಪಾಲುದಾರರೂ ಬಹುಮಟ್ಟಿಗೆ ಅಲ್ಲಿಯೇ ಓದಿದವರು. ಹೀಗೆ ಮನುಷ್ಯನನ್ನು ಅಳೆಯುವ ಶ್ರಮವನ್ನು ತಪ್ಪಿಸಿಕೊಳ್ಳಲು ಕಾಲೇಜಿನ ಹೆಸರು ಒಂದು ಗುರುತಾಯಿತು. ಕುಲದ ಜಾಗದಲ್ಲಿ ಕಾಲೇಜು ಬಂದು ಕುಳಿತಿತು.

ಇದನ್ನು ದೂರುವ ಅಧಿಕಾರ ನನಗೆ ಎಷ್ಟಿದೆ ಎಂದೂ ಯೋಚಿಸಿದೆ. ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ನಾನು ಎಷ್ಟೋ ವರ್ಷ ಹೋಗಿದ್ದೇನೆ. ಬೇಸಿಗೆಯ ಮಧ್ಯಾಹ್ನ, ಎದುರಿಗೆ ಪತ್ರಿಕೆಗಳ ಕಟ್ಟು. ಸಂಜೆಯ ಹೊತ್ತಿಗೆ, ದುಂಡಗಿನ ಅಕ್ಷರ ಕಂಡರೆ ಕೈ ತಾನಾಗಿ ಧಾರಾಳವಾಗುತ್ತಿತ್ತು. ಕಾಗೆ ಕಾಲಿನ ಅಕ್ಷರ ಕಂಡರೆ ಒಳಗೇನಿದೆ ಎಂದು ಓದುವ ಮೊದಲೇ ಮನಸ್ಸು ತೀರ್ಪು ಕೊಟ್ಟಿರುತ್ತಿತ್ತು. ಎಚ್ಚರ ತಂದುಕೊಂಡು ಮತ್ತೆ ಓದಿದ ದಿನಗಳಿವೆ. ಓದದ ದಿನಗಳೂ ಇರಬಹುದು. ದಣಿದ ಪರೀಕ್ಷಕನಿಗೆ ಗುರುತು ಬೇಕು. ವಾಲ್ ಸ್ಟ್ರೀಟಿನವರಿಗೂ ಅಷ್ಟೇ.

ಈಗ ಇದರ ಪರಿಣಾಮವನ್ನು ನೋಡೋಣ. ಜಾನ್ ಫಾಸ್ಟರ್ ಡಲ್ಲಸ್ ಪ್ರಿನ್ಸ್‌ಟನ್ನಿನಲ್ಲಿ ಪದವಿ ಪಡೆದು, ರಾಜಧಾನಿ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. 1911ರಲ್ಲಿ ನ್ಯೂಯಾರ್ಕಿಗೆ ಕೆಲಸ ಹುಡುಕಿಕೊಂಡು ಬಂದಾಗ ದೊಡ್ಡ ಸಂಸ್ಥೆಗಳು ಅವರನ್ನು ಒಲ್ಲೆ ಎಂದವು. ಜಾಣತನ ಕಡಿಮೆಯೆಂದಲ್ಲ, ಓದಿದ ಕಾಲೇಜು ಅವರ ಪಟ್ಟಿಯಲ್ಲಿರಲಿಲ್ಲ. ಆದರೆ ಡಲ್ಲಸರಿಗೆ ಒಬ್ಬ ಅಜ್ಜ ಇದ್ದರು. ತಾಯಿಯ ತಂದೆ ಜಾನ್ ಫಾಸ್ಟರ್ 1892–93ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದವರು. ಸಲಿವನ್ ಅಂಡ್ ಕ್ರಾಮ್‌ವೆಲ್ ಎಂಬ ಪ್ರಸಿದ್ಧ ಸಂಸ್ಥೆಯ ಹಿರಿಯರಿಗೆ ಅವರು ಹಳೆಯ ಪರಿಚಯವನ್ನು ನೆನಪಿಸಿ ಮೊಮ್ಮಗನ ಪರವಾಗಿ ಒಂದು ಮಾತು ಹೇಳಿದರು. ಬಾಗಿಲು ತೆರೆಯಿತು. ತಿಂಗಳಿಗೆ 50 ಡಾಲರ್ ಸಂಬಳದಲ್ಲಿ ಸೇರಿದ ಡಲ್ಲಸ್ 1926ರ ಹೊತ್ತಿಗೆ ಅದೇ ಸಂಸ್ಥೆಯ ಮುಖ್ಯಸ್ಥರಾದರು. ಅಂದರೆ ಕ್ರವಾತ್ ಪದ್ಧತಿ ಹಳೆಯ ಶಿಫಾರಸನ್ನು ಓಡಿಸಿರಲಿಲ್ಲ. ಮುಂಬಾಗಿಲಿನಿಂದ ಹಿತ್ತಿಲ ಬಾಗಿಲಿಗೆ ಕಳುಹಿಸಿತ್ತು, ಅಷ್ಟೇ.

ಇಪ್ಪತ್ತೈದು ವರ್ಷಗಳ ತರುವಾಯ ಅದೇ ಸಂಸ್ಥೆಯ ಬಾಗಿಲಿಗೆ ಇನ್ನೊಬ್ಬ ಹೊರಗಿನ ವಿದ್ಯಾರ್ಥಿ ಬಂದು ನಿಂತ. ಅವನಿಗೆ ಅಂಥ ಅಜ್ಜ ಇರಲಿಲ್ಲ. ಅವನ ಹೆಸರು ರಿಚರ್ಡ್ ನಿಕ್ಸನ್.

ನಮ್ಮ ತಲೆಮಾರಿನವರಿಗೆ ನಿಕ್ಸನ್ ಎಂದೊಡನೆ ನೆನಪಾಗುವುದು 1971ರ ಯುದ್ಧದಲ್ಲಿ ಬಂಗಾಳಕೊಲ್ಲಿಯತ್ತ ಬಂದ ಅಮೆರಿಕದ ಏಳನೆಯ ನೌಕಾಪಡೆ. ಆ ಅಧ್ಯಕ್ಷರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಇಪ್ಪತ್ತಮೂರರ ಹುಡುಗನನ್ನು ನೋಡೋಣ. (ವಿದ್ಯಾರ್ಥಿಯಾಗಿದ್ದವನನ್ನು ಏಕವಚನದಲ್ಲಿ ಕರೆಯುವುದು ಮಾಸ್ತರರ ಹಳೆಯ ಚಾಳಿ, ಕ್ಷಮಿಸಿರಿ.) ಹುಟ್ಟಿದ್ದು 1913ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ತಂದೆಗೆ ವಿಟ್ಟಿಯರ್ ಎಂಬ ಊರಿನಲ್ಲಿ ಕಿರಾಣಿ ಅಂಗಡಿ, ಜೊತೆಗೆ ಪೆಟ್ರೋಲ್ ಬಂಕು. ಶಾಲೆಯಲ್ಲಿ ತೋರಿದ ಜಾಣತನಕ್ಕೆ ಹಾರ್ವರ್ಡಿಗೆ ಹೋಗುವ ಅವಕಾಶ ಕಣ್ಣೆದುರು ಬಂದಿತ್ತು. ಆದರೆ ಅಣ್ಣನಿಗೆ ಕ್ಷಯ. ಚಿಕಿತ್ಸೆಗೆ ಮನೆಯ ಹಣವೆಲ್ಲ ಕರಗುತ್ತಿತ್ತು. ದೂರದ ಪ್ರಯಾಣ, ವಸತಿಯ ಖರ್ಚು ಹೊರಲಾಗದೆ ಹುಡುಗ ಊರಿನ ವಿಟ್ಟಿಯರ್ ಕಾಲೇಜನ್ನೇ ಸೇರಿದ. ಇದನ್ನು ಓದುವಾಗ ನನ್ನ ಜಗಲಿ ನೆನಪಾಯಿತು.

1934ರಲ್ಲಿ ಪದವಿ ಪಡೆದ ನಿಕ್ಸನ್ನನಿಗೆ ನಾರ್ತ್ ಕ್ಯಾರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದ ಲಾ ಶಾಲೆಯಲ್ಲಿ ವಿದ್ಯಾರ್ಥಿವೇತನ ದೊರೆಯಿತು. ತಂಬಾಕಿನ ದೊಡ್ಡ ವ್ಯಾಪಾರಿ ಜೇಮ್ಸ್ ಡ್ಯೂಕರ ದಾನದಿಂದ 1924ರಲ್ಲಿ ವಿಶ್ವವಿದ್ಯಾಲಯವಾಗಿ ಬೆಳೆದ ಸಂಸ್ಥೆ ಅದು. ಹೊಸ ಕಟ್ಟಡಗಳು, ಒಳ್ಳೆಯ ಅಧ್ಯಾಪಕರು. ಹೆಸರು ಮಾತ್ರ ಇನ್ನೂ ಹುಟ್ಟಬೇಕಿತ್ತು. ಮಹಾಕುಸಿತದ ಕಾಲ. ಗ್ರಂಥಾಲಯದಲ್ಲಿ ಗಂಟೆಗೆ 35 ಸೆಂಟಿನ ಕೂಲಿಗೆ ಆತ ಕೆಲಸ ಮಾಡಿದ. ಕೊನೆಯ ವರ್ಷ ಗೆಳೆಯರೊಂದಿಗೆ ಮರಗಳ ನಡುವಿನ ಹಳೆಯ ಮನೆಯೊಂದರಲ್ಲಿ ಇದ್ದ. ನಲ್ಲಿ ನೀರಿಲ್ಲ, ಚಳಿಗೆ ಒಂದೇ ಒಲೆ. ಎದ್ದು ಹೋಗದೆ ಕುಳಿತು ಓದುವ ಅವನ ಛಲವನ್ನು ಕಂಡು ಸಹಪಾಠಿಗಳು ಕೊಟ್ಟ ಅಡ್ಡಹೆಸರನ್ನು ಮರ್ಯಾದೆಯಿಂದ ಕನ್ನಡಿಸಿದರೆ "ಕಬ್ಬಿಣದ ಪೀಠ" ಎನ್ನಬಹುದು.

1936ರ ಕ್ರಿಸ್‌ಮಸ್ ರಜೆಯಲ್ಲಿ ನಿಕ್ಸನ್ ಮತ್ತು ಇಬ್ಬರು ಸಹಪಾಠಿಗಳು ನ್ಯೂಯಾರ್ಕಿಗೆ ಹೊರಟರು. ದೊಡ್ಡ ಸಂಸ್ಥೆಗಳ ಬಾಗಿಲು ತಟ್ಟಿದರು. ಸಲಿವನ್ ಅಂಡ್ ಕ್ರಾಮ್‌ವೆಲ್ಲಿನ ಕಚೇರಿಯ ದಪ್ಪ ಜಮಖಾನೆಯನ್ನೂ ಓಕ್ ಮರದ ಗೋಡೆಗಳನ್ನೂ ನಿಕ್ಸನ್ ಎಷ್ಟೋ ದಶಕಗಳ ಮೇಲೂ ನೆನೆಸಿಕೊಂಡಿದ್ದಾರೆ. ನಲ್ಲಿಯಿಲ್ಲದ ಮನೆಯಿಂದ ಬಂದವನಿಗೆ ಆ ಜಮಖಾನೆ ಕಾಲಿಗೆ ಹೇಗೆ ತಾಗಿರಬೇಕು! ಫಲವೇನು? ಜೊತೆಗಿದ್ದ ಇಬ್ಬರಿಗೂ ಕೆಲಸ ಸಿಕ್ಕಿತು, ನಿಕ್ಸನ್ನನಿಗೆ ಸಿಗಲಿಲ್ಲ. ಒಂದು ಸಂಸ್ಥೆ ಮಾತ್ರ ಮತ್ತೊಮ್ಮೆ ಬಂದು ಕಾಣಲು ಬರೆಯಿತು. ಅಷ್ಟು ಹೊತ್ತಿಗೆ ಅವನ ಮನಸ್ಸು ಮುರಿದಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಡ್ಯೂಕಿನವರೆಂಬ ಕಾರಣಕ್ಕೆ ಮೂವರಿಗೂ ಬಾಗಿಲು ಮುಚ್ಚಿದ್ದರೆ ಕಥೆ ಸರಳವಾಗುತ್ತಿತ್ತು. ಹಾಗಾಗಲಿಲ್ಲ. ಸಿಕ್ಕವರಲ್ಲಿ ಒಬ್ಬ ತರಗತಿಗೇ ಮೊದಲಿಗ. 1937ರಲ್ಲಿ ನಿಕ್ಸನ್ ತೇರ್ಗಡೆಯಾದದ್ದು ಸುಮಾರು ಇಪ್ಪತ್ತೈದು ಜನರ ತರಗತಿಯಲ್ಲಿ ಮೂರನೆಯವನಾಗಿ. ಹೆಸರಾಂತ ಶಾಲೆಯ ನಡುವಿನ ವಿದ್ಯಾರ್ಥಿಗೂ ಸಿಗುವ ಅವಕಾಶ, ದೂರದ ಶಾಲೆಯ ಮೂರನೆಯವನಿಗೆ ಸಿಗುವುದು ಖಚಿತವಿರಲಿಲ್ಲ. ದೂರದ ಕಾಲೇಜಿನವರಿಗೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆದರೆ ದೂರ ಹೆಚ್ಚಿದಂತೆ ಜರಡಿಯ ಕಣ್ಣು ಸಣ್ಣದಾಗುತ್ತದೆ. ಇದೇ ಈ ಇಡೀ ಇತಿಹಾಸದ ತಿರುಳು ಎಂದು ನನಗೆ ಅನಿಸುತ್ತದೆ.

ಹೋಲಿಕೆಗೆ ಇನ್ನೊಬ್ಬರನ್ನು ನೋಡಿರಿ. ವಿಲಿಯಂ ಡಗ್ಲಸ್ ಕೂಡ ದೂರದ ಪಶ್ಚಿಮದ ಬಡವರ ಮನೆಯ ಹುಡುಗ, ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನವರು. ಆದರೆ ಅವರು ಕಾನೂನು ಓದಲು 1922ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾವನ್ನೇ ಸೇರಿದರು. 1925ರಲ್ಲಿ ಪದವಿ ಪಡೆದೊಡನೆ ಕ್ರವಾತರ ಸಂಸ್ಥೆಯಲ್ಲಿಯೇ ಕೆಲಸ ಸಿಕ್ಕಿತು. 1939ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಕ್ರವಾತರೂ ಓಹಾಯೊದವರೇ ತಾನೆ? ವಾಲ್ ಸ್ಟ್ರೀಟ್ ಮುಖ್ಯವಾಗಿ ಕೇಳುತ್ತಿದ್ದುದು ಎಲ್ಲಿ ಹುಟ್ಟಿದೆ ಎಂದಲ್ಲ, ಎಲ್ಲಿ ಓದಿದೆ ಎಂದು.

ಆದರೆ ಇದು ಬಿಳಿಯ, ಪ್ರಾಟೆಸ್ಟೆಂಟ್ ಗಂಡಸರಿಗೆ ಮಾತ್ರ ಅನ್ವಯಿಸಿದ ಮಾತು. ಯೆಹೂದ್ಯರು, ಕರಿಯರು, ಹೆಣ್ಣುಮಕ್ಕಳು ಎಲ್ಲಿ ಓದಿದ್ದರೂ ಬಹುಮಟ್ಟಿಗೆ ಹೊರಗೇ. ಸ್ಯಾಂಡ್ರಾ ಡೇ ಓಕಾನರ್ 1952ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಉನ್ನತ ಸ್ಥಾನ ಪಡೆದು ಹೊರಬಂದರೂ, ಲಾಸ್ ಏಂಜಲೀಸಿನ ಸಂಸ್ಥೆಯೊಂದು ಅವರಿಗೆ ಸೂಚಿಸಿದ್ದು ಕಾರ್ಯದರ್ಶಿಯ ಕೆಲಸವನ್ನು. ರೂತ್ ಬೇಡರ್ ಗಿನ್ಸ್‌ಬರ್ಗ್ ಹಾರ್ವರ್ಡಿನಲ್ಲಿ ಓದಿ, ಕೊಲಂಬಿಯಾದಲ್ಲಿ 1959ರಲ್ಲಿ ತರಗತಿಯ ಮೊದಲ ಸ್ಥಾನ ಹಂಚಿಕೊಂಡರೂ ನ್ಯೂಯಾರ್ಕಿನ ಯಾವ ಸಂಸ್ಥೆಯೂ ಕೆಲಸ ಕೊಡಲಿಲ್ಲ. ಇಬ್ಬರೂ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ಸರಿಯಾದ ಕಾಲೇಜೂ ಎಲ್ಲರಿಗೂ ಬಾಗಿಲು ತೆರೆಯುತ್ತಿರಲಿಲ್ಲ.

ನಿಕ್ಸನ್ ಏನಾದ? ಊರಿಗೆ ಮರಳಿದ. 1937ರ ಕೊನೆಯಲ್ಲಿ ವಿಟ್ಟಿಯರಿನ ಒಂದು ಸಣ್ಣ ವಕೀಲಿ ಕಚೇರಿ ಸೇರಿದ. ಉಯಿಲು, ವಿಚ್ಛೇದನ, ಜಮೀನಿನ ತಂಟೆ. ನಮ್ಮ ತಾಲ್ಲೂಕು ಕೋರ್ಟಿನ ವಕೀಲರು ಮಾಡುವ ಕೆಲಸವೇ. ಊರಿನ ಜನ ಪರಿಚಿತರಾದರು. 1946ರಲ್ಲಿ ಅದೇ ಭಾಗದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದರು, 1950ರಲ್ಲಿ ಸೆನೆಟ್ಟಿಗೆ, 1952ರಲ್ಲಿ ಉಪಾಧ್ಯಕ್ಷ ಪದವಿಗೆ. ಅದೇ ಸರ್ಕಾರದಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದವರು ಯಾರು ಗೊತ್ತೇ? ಜಾನ್ ಫಾಸ್ಟರ್ ಡಲ್ಲಸ್! 1936ರಲ್ಲಿ ತಮ್ಮನ್ನು ಒಲ್ಲೆ ಎಂದ ಸಂಸ್ಥೆಯ ಅಂದಿನ ಮುಖ್ಯಸ್ಥರೊಡನೆ ನಿಕ್ಸನ್ ಒಂದೇ ಸಂಪುಟದ ಮೇಜಿಗೆ ಕುಳಿತರು.

ಕಥೆ ಇಲ್ಲಿಗೆ ಮುಗಿದಿದ್ದರೆ ಪಠ್ಯಪುಸ್ತಕದ ನೀತಿಪಾಠವಾಗುತ್ತಿತ್ತು. 1960ರಲ್ಲಿ ಅಧ್ಯಕ್ಷ ಪದವಿಗೆ ನಿಂತು ಸೋತರು. 1962ರಲ್ಲಿ ತಮ್ಮದೇ ರಾಜ್ಯದ ಗವರ್ನರ್ ಚುನಾವಣೆಯಲ್ಲಿಯೂ ಸೋತರು. 1963ರಲ್ಲಿ ಐವತ್ತು ವರ್ಷದ ನಿಕ್ಸನ್ ಮತ್ತೆ ನ್ಯೂಯಾರ್ಕಿಗೆ ಬಂದರು. ಈ ಸಲ ವಾಲ್ ಸ್ಟ್ರೀಟಿನ ಹಳೆಯ ಸಂಸ್ಥೆಯೊಂದು ಕೈಹಿಡಿದು ಒಳಗೆ ಕರೆದುಕೊಂಡಿತು. ಸಂಸ್ಥೆಯ ಫಲಕದಲ್ಲಿ ಅವರ ಹೆಸರನ್ನೇ ಮೊದಲು ಬರೆಯಿತು. ಓದಿದ ಕಾಲೇಜು ಅದೇ ಡ್ಯೂಕ್. ಅಂದು ಬೇಡವಾದದ್ದು ಇಂದು ಅಡ್ಡಿಯಾಗಲಿಲ್ಲ, ಏಕೆಂದರೆ ಕಾಲೇಜಿನ ಹೆಸರಿಗಿಂತ ದೊಡ್ಡ ಗುರುತು ಈಗ ಅವರ ಬಳಿ ಇತ್ತು. ಅವರು ಕೆಟ್ಟ ವಕೀಲರೇನೂ ಆಗಿರಲಿಲ್ಲ. 1966ರಲ್ಲಿ, ಪತ್ರಿಕೆಯೊಂದರಿಂದ ನೊಂದ ಕುಟುಂಬದ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ಎರಡು ಸಲ ವಾದ ಮಂಡಿಸಿದರು. ಪೀಠದಲ್ಲಿದ್ದವರಲ್ಲಿ ಯಾಕಿಮಾದ ಡಗ್ಲಸರೂ ಒಬ್ಬರು. 1967ರ ಆರಂಭದಲ್ಲಿ ಬಂದ ತೀರ್ಪಿನಲ್ಲಿ ನಿಕ್ಸನ್ ಪಕ್ಷ ಸೋತಿತು.

1968ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಪೂರ್ವ ಕರಾವಳಿಯ ದೊಡ್ಡ ಮನೆತನಗಳು, ದೊಡ್ಡ ವಿಶ್ವವಿದ್ಯಾಲಯಗಳು ತಮ್ಮನ್ನು ಕೀಳಾಗಿ ಕಂಡವೆಂಬ ಮುಳ್ಳು ಅಷ್ಟೆತ್ತರಕ್ಕೆ ಏರಿದ ಮೇಲೂ ಅವರ ಎದೆಯಿಂದ ಹೋಗಲಿಲ್ಲ. ಮುಚ್ಚಿದ ಒಂದು ಬಾಗಿಲಿನಿಂದಲೇ ವಾಟರ್‌ಗೇಟ್ ಹುಟ್ಟಿತೆಂದು ನಾನು ಹೇಳಲಾರೆ. ಇತಿಹಾಸ ಅಷ್ಟು ಸುಲಭವಲ್ಲ. ಆದರೆ ಎಲ್ಲರಲ್ಲಿಯೂ ಶತ್ರುವನ್ನು ಕಾಣುವ ಆ ಮನಸ್ಸು ಅವರನ್ನು ಎಲ್ಲಿಗೆ ಒಯ್ದಿತೆಂಬುದು ಜಗತ್ತಿಗೆ ಗೊತ್ತು. 1974ರ ಆಗಸ್ಟ್ 9ರಂದು ಪದತ್ಯಾಗ. 1976ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವರ ಹೆಸರನ್ನು ವಕೀಲರ ಪಟ್ಟಿಯಿಂದ ತೆಗೆದುಹಾಕಿತು. ಇಪ್ಪತ್ತಮೂರರ ಹುಡುಗ ಯಾವ ಊರಿನಲ್ಲಿ ವಕೀಲನಾಗಲು ಹಂಬಲಿಸಿದ್ದನೋ ಅದೇ ಊರು ಹೀಗೆ ಅವನನ್ನು ಹೊರಗಿಟ್ಟಿತು. ಈ ಸಲ ತಪ್ಪು ಅವನದೇ ಆಗಿತ್ತು.

ನಿಕ್ಸನ್ ಕಥೆ ಅಲ್ಲಿರಲಿ. ಓದಿದ ಪ್ರದೇಶದಿಂದ ಹೊರಗೆ ವಕೀಲಿ ಮಾಡಲು ಅಮೆರಿಕದಲ್ಲಿ ಕಾಯಿದೆಯ ಅಡ್ಡಗೋಡೆಗಳೂ ಇದ್ದವು. ಅಲ್ಲಿ ಪ್ರತಿ ರಾಜ್ಯಕ್ಕೂ ಬೇರೆ ವಕೀಲರ ಪಟ್ಟಿ, ಬೇರೆ ನಿಯಮ. ವರ್ಮಾಂಟ್ ರಾಜ್ಯದಲ್ಲಿ, ಗಡಿಯಿಂದ ಕೇವಲ 400 ಗಜ ಈಚೆಗೆ ವಾಸವಾಗಿದ್ದ ಕ್ಯಾಥ್ರಿನ್ ಪೈಪರ್ ಎಂಬುವರು 1980ರಲ್ಲಿ ನೆರೆಯ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಕೀಲಿ ಪರೀಕ್ಷೆ ಪಾಸು ಮಾಡಿದರು. ನಮ್ಮ ರಾಜ್ಯದ ನಿವಾಸಿಯಲ್ಲ ಎಂದು ಅವರನ್ನು ಪಟ್ಟಿಗೆ ಸೇರಿಸಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟು ಈ ನಿಯಮ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಮುಂದೆ ಅನೇಕ ರಾಜ್ಯಗಳು ಸೇರಿ ಒಂದೇ ಸಮಾನ ಪರೀಕ್ಷೆಯನ್ನು ಒಪ್ಪಿಕೊಂಡವು. ನ್ಯೂಯಾರ್ಕಿನಲ್ಲಿ ಅದು 2016ರ ಜುಲೈಯಿಂದ ನಡೆಯಿತು.

ಕಾಯಿದೆಯ ಗೋಡೆ ಬಿದ್ದರೂ ರೂಢಿಯ ಗೋಡೆ ಬೀಳಲಿಲ್ಲ. ಅದಕ್ಕೆ ಹಣವೂ ಒಂದು ಕಾರಣ. 1968ರಲ್ಲಿ ಕ್ರವಾತರ ಸಂಸ್ಥೆ ಹೊಸಬರ ಸಂಬಳವನ್ನು ಒಮ್ಮೆಲೇ ವರ್ಷಕ್ಕೆ 15,000 ಡಾಲರಿಗೆ ಏರಿಸಿ ಎಲ್ಲರನ್ನೂ ಬೆರಗುಗೊಳಿಸಿತು. 2023ರ ಕೊನೆಯಲ್ಲಿ ದೊಡ್ಡ ಸಂಸ್ಥೆಗಳು ಹೊಸಬರಿಗೆ ನಿಗದಿಪಡಿಸಿದ ಸಂಬಳ 2,25,000 ಡಾಲರ್. ಸಾಲ ಮಾಡಿ ಓದಿದ ವಿದ್ಯಾರ್ಥಿ ಯಾವ ಮೂಲೆಯಲ್ಲಿದ್ದರೂ ಕಣ್ಣು ಅತ್ತಲೇ ಹೊರಳುವುದು ಸಹಜ. ಸಂಸ್ಥೆಗಳಾದರೋ ಬಹುಕಾಲ ತಮಗೆ ಬೇಕಾದ ಶಾಲೆಗಳಿಗೆ ತಾವೇ ಹೋಗಿ ಸಂದರ್ಶನ ನಡೆಸಿ, ಬೇಸಿಗೆಯ ತರಬೇತಿಗೆ ಆರಿಸಿಕೊಂಡು, ಅವರಿಗೇ ಕೆಲಸ ಕೊಡುತ್ತಿದ್ದವು. ಪಟ್ಟಿಯಲ್ಲಿಲ್ಲದ ಶಾಲೆಯವರು ತಾವೇ ಪತ್ರ ಬರೆದು ಬಾಗಿಲು ತಟ್ಟಬೇಕಿತ್ತು.

ಇದಕ್ಕೆ ಇನ್ನೊಂದು ಮುಖವೂ ಇದೆ. ನ್ಯೂಯಾರ್ಕಿನಲ್ಲಿ ಓದಿದವರು ಟೆಕ್ಸಾಸಿಗೋ ಓಹಾಯೊಗೋ ಹೋಗಿ ಕೆಲಸ ಕೇಳಿದರೆ ಅಲ್ಲಿಯವರು, "ನಮ್ಮ ಊರಿಗೂ ನಿಮಗೂ ಏನು ಸಂಬಂಧ? ಬಂಧುಗಳು ಯಾರಾದರೂ ಇದ್ದಾರೆಯೇ?" ಎಂದು ವಿಚಾರಿಸುತ್ತಾರೆ. ಹೆಣ್ಣು ನೋಡಲು ಬಂದವರು ಕೇಳುವ ಪ್ರಶ್ನೆಯಂತಿದೆಯಲ್ಲವೇ! ಎರಡು ವರ್ಷ ಕೆಲಸ ಕಲಿತು ಬಿಟ್ಟುಹೋದರೆ ತರಬೇತಿಯ ಖರ್ಚು ವ್ಯರ್ಥವೆಂಬ ಭಯ ಅವರಿಗೆ. ಈ ಪ್ರಶ್ನೆಗೆ ಪ್ರಾಮಾಣಿಕವಾದ, ಖಚಿತವಾದ ಉತ್ತರವಿದ್ದವರು ಒಳಗೆ ಹೋಗುತ್ತಾರೆ. ಅಂದರೆ ಹೊರಗಿನವರನ್ನು ತಡೆಯುವುದು ತಿರಸ್ಕಾರವೊಂದೇ ಅಲ್ಲ, ಅನುಮಾನವೂ ಹೌದು. ತಿರಸ್ಕಾರಕ್ಕೆ ಮದ್ದಿಲ್ಲ, ಅನುಮಾನಕ್ಕೆ ಇದೆ.

ನಮ್ಮಲ್ಲಿಯೂ ಇದೇ ಕಥೆ ಬೇರೆ ಉಡುಪಿನಲ್ಲಿ ಬಂದಿದೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿಗಳ ಮೇಲ್ಮನವಿಗಳು ಮುಂಬಯಿ ಹೈಕೋರ್ಟಿಗೆ ಹೋಗುತ್ತಿದ್ದವು. ನಮ್ಮ ಭಾಗದ ವಕೀಲರಿಗೆ ಮುಂಬಯಿ ಪರಸ್ಥಳವಾಗಿರಲಿಲ್ಲ. ಏಕೀಕರಣದ ಮೇಲೆ ದಿಕ್ಕು ಬೆಂಗಳೂರಿನತ್ತ ತಿರುಗಿತು. 1961ರ ವಕೀಲರ ಕಾಯಿದೆ ಭಾರತದ ಯಾವುದೇ ನ್ಯಾಯಾಲಯದಲ್ಲಿ ವಕೀಲಿ ಮಾಡುವ ಹಕ್ಕನ್ನು ಬರೆದಿಟ್ಟಿತಾದರೂ, ಆ ಕಲಮು ಜಾರಿಗೆ ಬಂದದ್ದು 2011ರ ಜೂನ್‌ನಲ್ಲಿ, ಐವತ್ತು ವರ್ಷಗಳ ಮೇಲೆ! ಇತ್ತ 1986ರ ಕರ್ನಾಟಕದ ಕಾಯಿದೆಯಿಂದ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿ, ಮಾಧವ ಮೆನನ್ನರ ನೇತೃತ್ವದಲ್ಲಿ 1988ರಲ್ಲಿ ಐದು ವರ್ಷದ ಪಾಠಕ್ರಮ ಆರಂಭಿಸಿತು. ಮೊದಲ ತಂಡ 1993ರಲ್ಲಿ ಹೊರಬರುವ ಹೊತ್ತಿಗೆ ದೇಶದ ಆರ್ಥಿಕ ಬಾಗಿಲು ತೆರೆದಿತ್ತು. ಕಂಪನಿಗಳ ಕೆಲಸಕ್ಕೆ ವಕೀಲರು ಬೇಕಾಗಿದ್ದರು. ಒಳ್ಳೆಯ ಸಂಸ್ಥೆಯೇ, ಅದರ ಮಾದರಿಯಲ್ಲಿ ಬೇರೆ ರಾಜ್ಯಗಳಲ್ಲಿಯೂ ಶಾಲೆಗಳು ಬಂದವು, 2008ರಿಂದ ಅವುಗಳ ಪ್ರವೇಶಕ್ಕೆ ಸಾಮಾನ್ಯ ಪರೀಕ್ಷೆಯೂ ಬಂತು. ಆದರೆ ದೊಡ್ಡ ಫರ್ಮುಗಳಿಗೆ ಅಲ್ಲಿ ಕ್ರವಾತರ ಕಾಲದಂಥದೇ ಒಂದು ಗುರುತು ಸಿಕ್ಕಿತು. ಹದಿನೆಂಟನೆಯ ವಯಸ್ಸಿನಲ್ಲಿ ಎರಡು ಗಂಟೆ ಬರೆದ ಪರೀಕ್ಷೆ, ಇಪ್ಪತ್ತಮೂರರಲ್ಲಿಯೂ ಕೈ ಬಿಡದೆ ಹಿಂಬಾಲಿಸುತ್ತದೆ.

ಶ್ರಾವಣದ ಮೊದಲ ವಾರ ಆ ಹುಡುಗಿ ಮತ್ತೆ ಬಂದಿದ್ದಳು. ಪದವಿ ಮುಗಿದಿದೆ. ಸದ್ಯ ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವ ಹಿರಿಯರೊಬ್ಬರ ಕಚೇರಿಗೆ ಹೋಗುತ್ತಿದ್ದಾಳೆ. ನಾನು ಈ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಕೊನೆಗೆ, "ತಂಗೀ, ಐದು ವರ್ಷದ ಹಿಂದೆ ನಾನು ಹೇಳಿದ್ದು ಅರ್ಧ ಸತ್ಯ. ಪುಸ್ತಕ ಎಲ್ಲಿ ಓದಿದರೂ ಅದೇ ಪುಸ್ತಕ, ಅದು ನಿಜ. ಆದರೆ ಬಾಗಿಲು ಕಾಯುವವರು ಪುಸ್ತಕ ನೋಡುವುದಿಲ್ಲ, ಎಲ್ಲಿ ಓದಿದೆ ಎಂದು ನೋಡುತ್ತಾರೆ. ಇದು ನನಗೆ ತಿಳಿದಿರಬೇಕಿತ್ತು. ತಿಳಿಯದೆ ಹೇಳಿದೆ" ಎಂದೆ. ನಲವತ್ತು ವರ್ಷಗಳ ಹಿಂದೆ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದ ಅವಳ ತಂದೆ ತಲೆ ತಗ್ಗಿಸಿ ಕುಳಿತಿದ್ದ. ಅವನ ಕಣ್ಣಲ್ಲಿ ನೀರಿತ್ತು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡ್ರಿ ಅಜ್ಜಾರ. ದಸರಾ ಸೂಟಿಯೊಳಗ ಮುಂಬೈಗೆ ನಾನೇ ಹೋಗ್ತೀನಿ. ಮೇಲ್ ಓದದವರು ಮಾರಿ ನೋಡಿದ್ರ ಮಾತಾಡಬಹುದು. ಆಗಲಿಲ್ಲಂದ್ರ ಇಲ್ಲಿ ಕೆಲಸ ಐತಿ. ಆದ್ರ ನಿಕ್ಸನ್‌ನಂಗ ಮುಳ್ಳ ಇಟ್ಕೊಂಡ ಕುಂದ್ರೂದಿಲ್ರಿ" ಎಂದಳು.

ಇದಕ್ಕಿಂತ ಒಳ್ಳೆಯ ಉತ್ತರವನ್ನು ಮೂವತ್ತನಾಲ್ಕು ವರ್ಷಗಳ ನನ್ನ ಮಾಸ್ತರಿಕೆಯಲ್ಲಿ ಕೇಳಿದ ನೆನಪಿಲ್ಲ.

ಕೊನೆಗೆ ನಿಮಗೊಂದು ಮಾತು. ನಿಮ್ಮಲ್ಲಿ ಕೆಲವರು ಈಗ ಬೆಂಗಳೂರು, ಮುಂಬಯಿ, ಅಮೆರಿಕಗಳಲ್ಲಿ ಆರಿಸುವವರ ಕುರ್ಚಿಯಲ್ಲಿ ಕುಳಿತಿದ್ದೀರಿ. ವಕೀಲರೇ ಆಗಿರಬೇಕೆಂದಿಲ್ಲ, ಎಂಜಿನಿಯರು, ಡಾಕ್ಟರು, ಬ್ಯಾಂಕಿನವರು, ಯಾರೇ ಇರಲಿ. ಡಲ್ಲಸರ ಅಜ್ಜನಂತೆ ನಮ್ಮವರೆಂದು ಶಿಫಾರಸು ಮಾಡಿರೆಂದು ನಾನು ಕೇಳುತ್ತಿಲ್ಲ. ಅದು ಇನ್ನೊಬ್ಬರ ಮಗುವಿಗೆ ಅನ್ಯಾಯ. ಸಂಜೆಯ ಹೊತ್ತು, ದಣಿದ ಕಣ್ಣಿನಿಂದ ನೂರನೆಯ ಅರ್ಜಿಯನ್ನು ಎತ್ತಿಕೊಂಡಾಗ, ಹೆಸರು ಕೇಳದ ಊರಿನ, ಹೆಸರು ಕೇಳದ ಕಾಲೇಜು ಕಂಡರೆ, ಅದನ್ನು ಪಕ್ಕಕ್ಕಿಡುವ ಮೊದಲು ಒಮ್ಮೆ ಪೂರ್ತಿ ಓದಿರಿ. ನೀವೂ ಹೆಸರು ಕೇಳದ ಒಂದು ಹೈಸ್ಕೂಲಿನಿಂದಲೇ ಹೋದವರು. ಅಲ್ಲಿಯ ಇತಿಹಾಸದ ಮಾಸ್ತರ ನಿಮ್ಮ ಕಾಗೆ ಕಾಲಿನ ಅಕ್ಷರವನ್ನು ಎರಡು ಸಲ ಓದಿದ್ದಾನೆ.